ಲೆಕ್ಕ ಒಳಗೆ ಹಾಕಿದ್ದಾಯಿತು, ಹೊರಗೆ ತೆಗೆಯುವುದು ಹೇಗೆ?

ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಹೆಣ್ಣುಮಕ್ಕಳು ನಮ್ಮ ಕಡೆ ಈಗ ಅಪರೂಪವೇನಲ್ಲ. ಕೂಡ್ಲಿಗಿಯಿರಲಿ, ಕೊಟ್ಟೂರಿರಲಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಿರಲಿ, ಬಿ.ಕಾಂ. ಓದಿದ ಸೊಸೆ ಮನೆ ತುಂಬಿದಳೆಂದರೆ ಅಂಗಡಿಯ ಲೆಕ್ಕ ಮೆಲ್ಲಗೆ ಅವಳ ಕೈಗೆ ಬರುತ್ತದೆ. ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು, ಮಗುವನ್ನು ಮಲಗಿಸಿ, ಬೆಳಗಿನಿಂದ ಬಂದ ಚೀಟಿಗಳನ್ನು ಒಂದೊಂದಾಗಿ ಟ್ಯಾಲಿಗೆ ಏರಿಸುತ್ತಾಳೆ. ಗೊಬ್ಬರದ ಅಂಗಡಿಯೋ, ಕಿರಾಣಿಯೋ, ಬಟ್ಟೆ ಅಂಗಡಿಯೋ, ಯಾವುದಾದರೂ ಸರಿ. ಸಂಬಳವಿಲ್ಲ, ರಜೆಯಿಲ್ಲ. "ಲೆಕ್ಕ ಎಲ್ಲಾ ನಮ್ಮ ಮನಿಯಾಗ ಆಕೀನೇ ನೋಡ್ಕೊಂತಾಳ" ಎಂಬ ಒಂದು ಮಾತೇ ಪಗಾರ!

ಇರಲಿ. ಅಂಥ ಸೊಸೆಯನ್ನು ಒಂದು ಪ್ರಶ್ನೆ ಕೇಳಿ ನೋಡಿ. "ಯುಗಾದಿಯಿಂದ ಇಲ್ಲೀವರೆಗೆ ಯಾರ ಕಡೆಯಿಂದ ಎಷ್ಟು ಬರಬೇಕು, ಒಂದು ಹಾಳಿ ಮ್ಯಾಲೆ ತೆಗೆದು ಕೊಡ್ತೀಯೇನವ್ವಾ?" ಹತ್ತರಲ್ಲಿ ಆರು ಮಂದಿಯಾದರೂ ತಡವರಿಸುತ್ತಾರೆ. "ಆಡಿಟರ್ ಕಡೆ ಹುಡುಗ ಬರ್ಬೇಕ್ರೀ, ಅವನೇ ತೆಗೀತಾನೆ" ಎನ್ನುತ್ತಾರೆ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಮೂರು ತಿಂಗಳ ಕೋರ್ಸಿನಲ್ಲಿ ವೋಚರ್ ಹಾಕುವುದನ್ನು ತಿದ್ದಿ ತೀಡಿ ಕಲಿಸುತ್ತಾರೆ. ಹಾಕಿದ್ದನ್ನು ಹೊರಗೆ ತೆಗೆಯುವ ಪಾಠ ಕೊನೆಯ ವಾರಕ್ಕೆ ಬರುತ್ತದೆ, ಆ ವಾರ ಮನೆಯಲ್ಲಿ ಯಾರದೋ ಸೀಮಂತ ಇರುತ್ತದೆ!

ಈ ಹೊರಗೆ ತೆಗೆಯುವುದಕ್ಕೆ ಎಕ್ಸ್‌ಪೋರ್ಟ್ ಎಂದು ಹೆಸರು. ದಾಳಿಂಬೆಯನ್ನು ದುಬೈಗೆ ಕಳಿಸುವ ಎಕ್ಸ್‌ಪೋರ್ಟ್ ಅಲ್ಲ. ಒಂದು ಸಾಫ್ಟ್‌ವೇರಿನ ಹೊಟ್ಟೆಯಲ್ಲಿರುವ ಲೆಕ್ಕವನ್ನು ಬೇರೆ ಯಾರಾದರೂ ತೆರೆದು ಓದುವ ಹಾಗೆ ಎಕ್ಸೆಲ್ ಹಾಳೆಯಾಗಿಯೋ ಪಿ.ಡಿ.ಎಫ್. ಆಗಿಯೋ ಈಚೆಗೆ ತರುವುದು, ಅಷ್ಟೇ. ಅದನ್ನು ಕಲಿಯುವುದಕ್ಕೂ ನೆರೆಮನೆಯಾಕೆಗೆ ಕಲಿಸುವುದಕ್ಕೂ ಇಂದು ಎಲ್ಲಕ್ಕಿಂತ ಸುಲಭದ ದಾರಿ ಎರಡು ಮೂರು ನಿಮಿಷದ ಒಂದು ಪುಟ್ಟ ವಿಡಿಯೋ. ಅದನ್ನು ನೀವೇ ಮಾಡಬಹುದು, ನಮ್ಮ ಮಾತಿನಲ್ಲೇ ಮಾಡಬಹುದು.

"ನಮಗ್ಯಾಕೆ ಬೇಕ್ರೀ ಈ ಉಸಾಬರಿ?" ಎಂದು ಮೂಗು ಮುರಿಯಬೇಡಿ. ಟ್ಯಾಲಿಯೇ ಹುಟ್ಟಿದ್ದು ಒಂದು ಮನೆಯ ಉಸಾಬರಿಯಿಂದ. ಬೆಂಗಳೂರಿನ ವ್ಯಾಪಾರಿ ಶ್ಯಾಮ್‌ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯವಹಾರಕ್ಕೆ ಹೊಂದುವ ಲೆಕ್ಕದ ಸಾಫ್ಟ್‌ವೇರು ಸಿಗಲಿಲ್ಲ. ಮಗ ಭರತ್ ಗೋಯೆಂಕಾ ಅವರಿಗೆ "ನೀನೇ ಒಂದು ಮಾಡು" ಎಂದರು. 1986ರಲ್ಲಿ ಹಾಗೆ ಶುರುವಾದದ್ದು ಇಂದು ದೇಶದ ಸಣ್ಣ ಊರಿನ ಅಂಗಡಿಗಳಲ್ಲೂ ಕಾಣುತ್ತದೆ. ಆ ಮಗನಿಗೆ 2020ರಲ್ಲಿ ಪದ್ಮಶ್ರೀ ಬಂತು.

ಈಗ ಉಸಾಬರಿ ಯಾಕೆ ಎಂಬ ಮಾತಿಗೆ ಬರೋಣ. ಲೆಕ್ಕ ಬರೆಯುವ ಗುಮಾಸ್ತ ಸುಗ್ಗಿಯ ಹೊತ್ತಿಗೆ ಕೆಲಸ ಬಿಟ್ಟು ಹೋಗುತ್ತಾನೆ. ಬೇಸಿಗೆಯ ಸಿಡಿಲು ಮಳೆಗೆ ಕಂಪ್ಯೂಟರು ಸುಟ್ಟು ಕೂರುತ್ತದೆ. ಎಲ್ಲವೂ ಅದರೊಳಗೇ ಇದ್ದರೆ ಬರಬೇಕಾದ ಬಾಕಿಯನ್ನು ಕೇಳುವುದಾದರೂ ಯಾವ ಮುಖ ಇಟ್ಟುಕೊಂಡು? "ಕೊಟ್ಟೀನಲ್ಲವ್ವಾ ಹಬ್ಬದ ಮುಂಚೆ" ಎಂದು ಗಿರಾಕಿ ಅಂದರೆ ಮುಗಿಯಿತು.

ಇದಕ್ಕಿಂತ ಗಟ್ಟಿಯಾದ ಕಾರಣ ಹೊಳೆಯಾಚೆ ನಡೆದದ್ದು. 2025ರ ಜುಲೈ ತಿಂಗಳಲ್ಲಿ ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ಸುಮಾರು 29 ಲಕ್ಷ ರೂಪಾಯಿ ಜಿ.ಎಸ್.ಟಿ. ಕಟ್ಟಿರೆಂದು ನೋಟಿಸು ಬಂದ ಸುದ್ದಿ ನೀವೂ ಓದಿದ್ದೀರಿ. ನಾಲ್ಕು ವರ್ಷದಲ್ಲಿ ಫೋನಿನ ಮೂಲಕ ಅವರಿಗೆ ಬಂದ ಹಣ 1 ಕೋಟಿ 63 ಲಕ್ಷ ಎಂದು ಇಲಾಖೆ ಲೆಕ್ಕ ಹಿಡಿದಿತ್ತು. ತಾಜಾ ತರಕಾರಿಗೆ ಜಿ.ಎಸ್.ಟಿ.ಯೇ ಇಲ್ಲ! ಆದರೆ ಫೋನಿಗೆ ಬಂದ ದುಡ್ಡಿನ ಮೇಲೆ "ಇದು ಬದನೆಕಾಯಿಯದು, ಇದು ಸಬ್ಬಸಿಗೆಯದು" ಎಂದು ಬರೆದಿರುತ್ತದೆಯೇ? ರಾಜ್ಯದಲ್ಲಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಇಂಥ ನೋಟಿಸು ಹೋಗಿ, ಗದ್ದಲವೆದ್ದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಅದೇ ತಿಂಗಳು ಮುಖ್ಯಮಂತ್ರಿಗಳೇ ಹೇಳಬೇಕಾಯಿತು. ಅವರು ಹೇಳಿದರು, ಒಳ್ಳೆಯದಾಯಿತು. ಆದರೆ ನಾಳೆ ಯಾರಾದರೂ ಕೇಳಿದರೆ ಯಾವ ದಿನ ಏನು ಮಾರಿದಿರಿ ಎಂದು ತೋರಿಸುವ ಹಾಳೆ ನಿಮ್ಮ ಕೈಯಲ್ಲೇ ಇದ್ದರೆ ಎದೆ ಹೊಡೆದುಕೊಳ್ಳುವುದಿಲ್ಲ. ಜಿ.ಎಸ್.ಟಿ. ನೋಂದಣಿ ಇದ್ದವರಂತೂ ವಾರ್ಷಿಕ ಲೆಕ್ಕ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಪುಸ್ತಕಗಳನ್ನು ಕಾಪಾಡಬೇಕೆಂದು ಕಾನೂನೇ ಹೇಳುತ್ತದೆ. ಆರು ವರ್ಷ! ಅಷ್ಟು ಕಾಲ ಒಂದೇ ಕಂಪ್ಯೂಟರು ಬಾಳುತ್ತದೆಂದು ಯಾರು ಬರೆದುಕೊಟ್ಟಾರು?

ನಮ್ಮ ತಾಲ್ಲೂಕುಗಳದೇ ಒಂದು ತಮಾಷೆಯೂ ಇದೆ. ಹರಪನಹಳ್ಳಿ 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆ ಜಿಲ್ಲೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಕೊಟ್ಟೂರು ಕೂಡ್ಲಿಗಿಯಿಂದ ಬೇರೆಯಾಗಿ ತಾನೇ ತಾಲ್ಲೂಕಾಯಿತು. ಗಿರಾಕಿಗಳ ವಿಳಾಸದಲ್ಲಿ ಇನ್ನೂ ಹಳೆಯ ಜಿಲ್ಲೆಯೇ ಕೂತಿರುವ ಅಂಗಡಿಗಳು ಎಷ್ಟೋ! ಒಂದೊಂದೇ ಖಾತೆ ತೆರೆದು ನೋಡುತ್ತ ಕೂತರೆ ಶ್ರಾವಣ ಮುಗಿದೀತು. ಹೆಸರು ವಿಳಾಸಗಳ ಪಟ್ಟಿಯನ್ನು ಎಕ್ಸೆಲ್ಲಿಗೆ ಇಳಿಸಿಕೊಂಡರೆ ಯಾವುದನ್ನು ತಿದ್ದಬೇಕು ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ.

"ನಾವು ಬ್ಯಾಕಪ್ ತಗೊಂತೀವಲ್ಲ" ಎನ್ನುವವರಿದ್ದಾರೆ. ತೆಗೆದುಕೊಳ್ಳಿ, ಬಿಡಬೇಡಿ. ಆದರೆ ಬ್ಯಾಕಪ್ ಬೇರೆ, ಎಕ್ಸ್‌ಪೋರ್ಟ್ ಬೇರೆ. ಬ್ಯಾಕಪ್ ಕಡತವನ್ನು ಆ ಸಾಫ್ಟ್‌ವೇರೇ ತೆರೆಯಬೇಕು. ಬೀಗ ಹಾಕಿದ ಟ್ರಂಕಿನಂತೆ, ಟ್ರಂಕು ಇದೆ, ಕೀಲಿಕೈ ಬೇರೆಯವರ ಸೊಂಟದಲ್ಲಿದೆ. ಎಕ್ಸ್‌ಪೋರ್ಟ್ ಮಾಡಿದ ಹಾಳೆಯಾದರೆ ಯಾವ ಕಂಪ್ಯೂಟರಿನಲ್ಲೂ, ಮಗಳ ಫೋನಿನಲ್ಲೂ ತೆರೆಯುತ್ತದೆ. ಎರಡೂ ಇರಲಿ.

ಪುಟ್ಟ ವಿಡಿಯೋ ಏಕೆ?

ಕಸೂತಿ ಕಲಿಯುವಾಗ ಪುಸ್ತಕದಲ್ಲಿ ಓದಿದ್ದಕ್ಕಿಂತ ಪಕ್ಕದಲ್ಲಿ ಕೂತವಳ ಬೆರಳು ನೋಡಿ ಕಲಿತದ್ದೇ ಹೆಚ್ಚಲ್ಲವೇ? ಕಂಪ್ಯೂಟರಿನ ಕೆಲಸವೂ ಹಾಗೆಯೇ. ಯಾವ ಗುಂಡಿ, ಎಲ್ಲಿದೆ, ಒತ್ತಿದ ಮೇಲೆ ಏನು ಕಾಣುತ್ತದೆ ಎಂಬುದನ್ನು ಕಣ್ಣಲ್ಲಿ ನೋಡಬೇಕು. ಮರೆತರೆ ಇನ್ನೊಮ್ಮೆ ನೋಡಬೇಕು, ಬೈಸಿಕೊಳ್ಳದೆ ನೋಡಬೇಕು!

ಈ ಬಗೆಯ ಪಾಠಗಳನ್ನು ಬಲು ಶಿಸ್ತಿನಿಂದ ಮಾಡಿದವರು ಮುಂಬಯಿಯ ಐ.ಐ.ಟಿ.ಯವರು. ಅಲ್ಲಿನ ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯ ಅವರು ಶುರುಮಾಡಿದ "ಸ್ಪೋಕನ್ ಟ್ಯುಟೋರಿಯಲ್" ಯೋಜನೆಯಲ್ಲಿ ಒಂದೊಂದು ಪಾಠ ಸುಮಾರು ಹತ್ತು ನಿಮಿಷದ್ದು. ಲಿಬ್ರೆ ಆಫೀಸ್ ಎಂಬ, ದುಡ್ಡು ಕೊಡಬೇಕಿಲ್ಲದ ಸಾಫ್ಟ್‌ವೇರಿನ ಪಾಠಗಳು ಕನ್ನಡದ ಧ್ವನಿಯಲ್ಲೂ ಇವೆ. ಎಕ್ಸೆಲ್ ಕೊಳ್ಳದವರಿಗೆ ಅದರಲ್ಲಿರುವ ಕ್ಯಾಲ್ಕ್ ಧಾರಾಳವಾಗಿ ಸಾಕು. ಪರದೆಯ ಅರ್ಧದಲ್ಲಿ ಪಾಠ ಓಡುತ್ತಿರಬೇಕು, ಇನ್ನರ್ಧದಲ್ಲಿ ನೀವು ಅದನ್ನೇ ಮಾಡುತ್ತ ಹೋಗಬೇಕು, ಇದು ಅವರ ಕ್ರಮ. ಪಾಠ ಮುದ್ರಿಸುವ ಮುಂಚೆ ಅವರು ಹಾಳೆಯ ಮೇಲೆ ಎರಡು ಸಾಲು ಎಳೆದು, ಒಂದರಲ್ಲಿ ಪರದೆಯ ಮೇಲೆ ಏನು ಕಾಣಬೇಕು, ಇನ್ನೊಂದರಲ್ಲಿ ಏನು ಮಾತಾಡಬೇಕು ಎಂದು ಪೂರ್ತಿ ಬರೆದುಕೊಳ್ಳುತ್ತಾರೆ. ಆಮೇಲೆ ಆ ಸಾಫ್ಟ್‌ವೇರಿನ ಗಂಧಗಾಳಿ ಗೊತ್ತಿಲ್ಲದವರೊಬ್ಬರ ಕೈಗೆ ಅದನ್ನು ಕೊಟ್ಟು ನೋಡುತ್ತಾರೆ.

ಪರದೆಯ ಮೂಲಕ ಪಾಠ ಎಂಬುದು ನಮ್ಮ ಸೀಮೆಗೆ ತೀರ ಹೊಸದೂ ಅಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಪಕ್ಕದ ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳಲ್ಲಿ ಉಪಗ್ರಹದಿಂದ ಟೀವಿ ಪಾಠ ಬರುತ್ತಿತ್ತು. ಬೇಸಾಯ, ಆರೋಗ್ಯ ಎಲ್ಲ ತೋರಿಸುತ್ತಿದ್ದರು. ಆಗ ಮೇಲಿನವರು ಕಳಿಸಿದ್ದನ್ನು ಊರಿನವರು ನೋಡುವುದಷ್ಟೇ. ಈಗ ಕಳಿಸುವವರೂ ನಾವೇ ಆಗಬಹುದು.

ನಾವು ಹತ್ತು ನಿಮಿಷಕ್ಕೂ ಹೋಗುವುದು ಬೇಡ. ಕುಕ್ಕರು ಮೂರು ಸೀಟಿ ಹೊಡೆಯುವುದರೊಳಗೆ ಮುಗಿಯಬೇಕು. ಒಂದು ವಿಡಿಯೋದಲ್ಲಿ ಒಂದೇ ಕೆಲಸ. "ಟ್ಯಾಲಿ ಕಲಿಯಿರಿ" ಎಂಬ ವಿಡಿಯೋ ಯಾರಿಗೂ ಬೇಡ. "ಡೇ ಬುಕ್ ಎಕ್ಸೆಲ್ಲಿಗೆ ಇಳಿಸುವುದು" ಎಂದರೆ ಬೇಕಾದವಳು ಬೇಕಾದಾಗ ತೆರೆಯುತ್ತಾಳೆ.

ಬರೆದುಕೊಂಡು ಮಾತಾಡಿ

ಮೊದಲು ಹಾಳೆ ಪೆನ್ನು ಹಿಡಿಯಿರಿ. ಮಾತು ಪುಸ್ತಕದ ಭಾಷೆಯಲ್ಲಿರಬಾರದು. "ಈಗ ನಾವು ದಿನವಹಿಯನ್ನು ರಫ್ತುಗೊಳಿಸೋಣ" ಎಂದು ಶುರುಮಾಡಿದರೆ ಕೇಳುವವಳು ಓಡಿಯೇ ಹೋಗುತ್ತಾಳೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನು ಕಾಣುತ್ತದೋ ಅದೇ ಹೆಸರು ಹೇಳಿ, ಉಳಿದದ್ದು ಮನೆಮಾತಿನಲ್ಲಿರಲಿ. ಟ್ಯಾಲಿ ಪ್ರೈಮಿನ ಡೇ ಬುಕ್ಕನ್ನು ಹೊರತೆಗೆಯುವ ವಿಡಿಯೋಕ್ಕೆ ಮಾತು ಹೀಗಿರಬಹುದು:

"ಯಕ್ಕಾ, ಇವತ್ತು ಡೇ ಬುಕ್ ಎಕ್ಸೆಲ್‌ಗೆ ಹೆಂಗ ಇಳಿಸೋದು ಅಂತ ನೋಡೋಣು. ಟ್ಯಾಲಿ ತೆಗೆದ ಕೂಡ್ಲೇ ಬಲಗಡೆ ಗೇಟ್‌ವೇ ಆಫ್ ಟ್ಯಾಲಿ ಅಂತ ಪಟ್ಟಿ ಐತಿ ನೋಡ್ರಿ. ಅದರಾಗ ಡೇ ಬುಕ್ ಒತ್ರಿ. ಈಗ ಒಂದೇ ದಿನದ ಲೆಕ್ಕ ಕಾಣ್ತೈತಿ. ಗಾಬರಿ ಆಗಬ್ಯಾಡ್ರಿ, ಉಳಿದಿದ್ದು ಎಲ್ಲೂ ಹೋಗಿಲ್ಲ. ಆಲ್ಟ್ ಒತ್ತಿ ಹಿಡಕೊಂಡು ಎಫ್ 2 ಒತ್ರಿ. ಎಲ್ಲಿಂದ ಎಲ್ಲೀವರೆಗೆ ಅಂತ ಕೇಳ್ತೈತಿ. ಏಪ್ರಿಲ್ ಒಂದರಿಂದ ಇವತ್ತಿನ ತಾರೀಖು ಹಾಕ್ರಿ. ಈಗ ಪೂರಾ ಬಂತು. ಇನ್ನ ಆಲ್ಟ್ ಮತ್ತು ಇ. ಎಕ್ಸ್‌ಪೋರ್ಟ್ ಪಟ್ಟಿ ಬಂತಲ್ಲ, ಅದರಾಗ ಕರೆಂಟ್ ಅನ್ನೋದು ಆರಿಸ್ರಿ. ಕರೆಂಟ್ ಅಂದ್ರ ಲೈಟಿನ ಕರೆಂಟಲ್ಲ, ಈಗ ಕಣ್ಣ ಮುಂದಿರೋ ಲೆಕ್ಕ ಅಂತ. ಇಲ್ಲಿ ಅವಸರ ಮಾಡಬ್ಯಾಡ್ರಿ. ಸಿ ಒತ್ತಿ ಕಾನ್ಫಿಗರ್ ಒಳಗ ಹೋಗಿ, ಫೈಲ್ ಫಾರ್ಮ್ಯಾಟ್ ಎಕ್ಸೆಲ್ ಐತೇನು ನೋಡ್ರಿ. ಫೋಲ್ಡರ್ ಪಾತ್ ಅಂತಿರತೈತಿ, ಅಲ್ಲಿ ಡೆಸ್ಕ್‌ಟಾಪ್ ಹಾಕ್ರಿ. ಹೊರಗ ಬಂದು ಇ ಒತ್ತಿದ್ರ ಮುಗೀತು."

ಇದರಲ್ಲಿ ಎರಡು ಕಡೆ ಯಾಕೆ ನಿಧಾನ ಮಾಡಿದೆ ಎಂದು ನೀವು ಗಮನಿಸಿರಬಹುದು. ಡೇ ಬುಕ್ ತೆರೆದಾಗ ಒಂದೇ ದಿನದ್ದು ಕಾಣುವುದರಿಂದ, ಅವಧಿ ಬದಲಿಸದೆ ಇಳಿಸಿ "ವರ್ಷದ ಲೆಕ್ಕ ತೆಗೆದೆ" ಎಂದುಕೊಳ್ಳುವವರು ಬಹಳ. ಟ್ಯಾಲಿ ಹೊರಗೆ ಕೊಡುವುದು ಪರದೆಯ ಮೇಲೆ ಕಾಣುತ್ತಿರುವುದನ್ನೇ. ಸಂಕ್ಷಿಪ್ತ ಕಂಡರೆ ಸಂಕ್ಷಿಪ್ತವೇ ಬರುತ್ತದೆ. ಎರಡನೆಯದು, ಇಳಿಸಿದ ಕಡತ ಹೋಯಿತೆಲ್ಲಿ ಎಂಬುದು! ನೀವು ಜಾಗ ಹೇಳದಿದ್ದರೆ ಅದು ಸಾಮಾನ್ಯವಾಗಿ ಟ್ಯಾಲಿಯ ಸ್ವಂತ ಫೋಲ್ಡರಿನೊಳಗೇ ಕೂರುತ್ತದೆ. ನಾವು ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಎಲ್ಲ ಹುಡುಕಿ, ಬರಲಿಲ್ಲವೆಂದು ಮತ್ತೆ ಮತ್ತೆ ಇಳಿಸುತ್ತೇವೆ. ಜನ ಎಲ್ಲಿ ಎಡವುತ್ತಾರೋ ಅಲ್ಲಿ ವಿಡಿಯೋ ನಿಲ್ಲಬೇಕು. ಸಲೀಸಾಗಿ ದಾಟುವ ಜಾಗದಲ್ಲಿ ಓಡಲಿ.

ಬರಬೇಕಾದ ಬಾಕಿಯ ಪಟ್ಟಿಗೆ ದಾರಿ ಸ್ವಲ್ಪ ಉದ್ದ. ಡಿಸ್‌ಪ್ಲೇ ಮೋರ್ ರಿಪೋರ್ಟ್ಸ್, ಅದರೊಳಗೆ ಸ್ಟೇಟ್‌ಮೆಂಟ್ಸ್ ಆಫ್ ಅಕೌಂಟ್ಸ್, ಅದರೊಳಗೆ ಔಟ್‌ಸ್ಟ್ಯಾಂಡಿಂಗ್ಸ್, ಅದರೊಳಗೆ ರಿಸೀವಬಲ್ಸ್. ಅಲ್ಲಿಗೆ ಹೋದ ಮೇಲೆ ಅದೇ ಆಲ್ಟ್ ಮತ್ತು ಇ. ಇದಕ್ಕೆ ಇನ್ನೊಂದು ವಿಡಿಯೋ ಮಾಡಿ, ಹಿಂದಿನದಕ್ಕೇ ಬಾಲ ಕಟ್ಟಬೇಡಿ.

ಪರದೆಯನ್ನು ಹಿಡಿಯುವುದಕ್ಕೆ ದುಬಾರಿ ಸಲಕರಣೆ ಬೇಕಿಲ್ಲ. ಕಂಪ್ಯೂಟರಿನಲ್ಲಿ ವಿಂಡೋಸ್ 11 ಇದ್ದರೆ ಸ್ನಿಪ್ಪಿಂಗ್ ಟೂಲಿನಲ್ಲೇ ಪರದೆ ಮುದ್ರಿಸುವ ಸೌಕರ್ಯವಿದೆ. ಹಳೆಯದಾದರೆ ಒ.ಬಿ.ಎಸ್. ಸ್ಟುಡಿಯೋ ಪುಕ್ಕಟೆ ಸಿಗುತ್ತದೆ. ಫೋನಿನ ಆ್ಯಪನ್ನು ತೋರಿಸುವುದಾದರೆ ಆಂಡ್ರಾಯ್ಡ್ 11ರಿಂದ ಈಚಿನ ಫೋನುಗಳಲ್ಲಿ ಸ್ಕ್ರೀನ್ ರೆಕಾರ್ಡರ್ ಒಳಗೇ ಇದೆ. ಕಂಪ್ಯೂಟರಿನ ಪರದೆಗೆ ಫೋನು ಹಿಡಿದು ಚಿತ್ರ ತೆಗೆಯುವುದು ಮಾತ್ರ ಬೇಡ, ಗೆರೆಗೆರೆ ಬಂದು ಅಕ್ಷರ ಓದಲಾಗುವುದಿಲ್ಲ. ಮಾತಿಗೆ ಫೋನಿನ ಇಯರ್‌ಫೋನ್ ಮೈಕು ಸಾಕು. ಮಧ್ಯಾಹ್ನ ಎರಡರಿಂದ ನಾಲ್ಕು ಒಳ್ಳೆಯ ಹೊತ್ತು, ಬೀದಿಯೂ ಮಲಗಿರುತ್ತದೆ. ಫ್ಯಾನು ಆರಿಸಿ. ಸೆಕೆಯೆನ್ನುತ್ತೀರಾ? ಮೂರು ನಿಮಿಷ ತಡೆದುಕೊಳ್ಳಿ! ಮುಗಿದ ಮೇಲೆ ವಾಟ್ಸಾಪಿನಲ್ಲಿ ವಿಡಿಯೋ ಎಂದು ಕಳಿಸುವ ಬದಲು ಡಾಕ್ಯುಮೆಂಟ್ ಎಂದು ಕಳಿಸಿ, ಅಕ್ಷರ ಮಸುಕಾಗುವುದಿಲ್ಲ.

ಒಂದು ಮಾತನ್ನು ಒತ್ತಿ ಹೇಳಬೇಕು. ನಿಮ್ಮ ಅಂಗಡಿಯ ನಿಜವಾದ ಲೆಕ್ಕವನ್ನು ವಿಡಿಯೋದಲ್ಲಿ ತೋರಿಸಬೇಡಿ. ಯಾರು ಎಷ್ಟು ಬಾಕಿ ಎಂಬುದು ಊರಿಗೆಲ್ಲ ಕಾಣುವಂತಾದರೆ ಗಿರಾಕಿಯ ಮಾನವೂ ಹೋಯಿತು, ನಿಮ್ಮ ವ್ಯಾಪಾರವೂ ಹೋಯಿತು. ಟ್ಯಾಲಿಯಲ್ಲಿ ಒಂದು ಆಟದ ಕಂಪನಿ ಮಾಡಿ. "ಮಂಡಕ್ಕಿ ಮಿರ್ಚಿ ಅಂಗಡಿ" ಎಂದು ಹೆಸರಿಡಿ, ಕೊಟ್ಟೂರಿನವರಿಗೆ ಖುಷಿಯಾದೀತು! ಹತ್ತು ಸುಳ್ಳು ವೋಚರ್ ಹಾಕಿ, ಅದರಲ್ಲೇ ಪಾಠ ಮಾಡಿ. ಲೈಸೆನ್ಸ್ ಇಲ್ಲದವರೂ ಟ್ಯಾಲಿಯ ಎಜುಕೇಷನಲ್ ಮೋಡಿನಲ್ಲಿ ದುಡ್ಡಿಲ್ಲದೆ ಕಲಿಯಬಹುದು. ಅಲ್ಲಿ 1, 2 ಮತ್ತು 31ನೇ ತಾರೀಖಿಗೆ ಮಾತ್ರ ನಮೂದು ಮಾಡಲು ಬಿಡುತ್ತದೆ, ಅಭ್ಯಾಸಕ್ಕೆ ಅಷ್ಟು ಸಾಕು. ಮುದ್ರಿಸುವಾಗ ಫೋನಿನ ಮೆಸೇಜು, ಬ್ಯಾಂಕಿನ ಒ.ಟಿ.ಪಿ. ಪರದೆಯ ಮೇಲೆ ಬಂದು ಇಣುಕದ ಹಾಗೆ ಇಂಟರ್‌ನೆಟ್ ಬಂದ್ ಮಾಡಿಕೊಳ್ಳಿ, ಫೋನಾದರೆ ಏರೋಪ್ಲೇನ್ ಮೋಡಿಗೆ ಹಾಕಿ.

ಇಳಿಸಿದ ಮೇಲಿನ ಫಜೀತಿ

ಸ್ತ್ರೀಶಕ್ತಿ ಸಂಘದ ಲೆಕ್ಕ ನೋಡುವವರು ಈ ಭಾಗವನ್ನು ಬಿಡದೆ ಓದಿ. ಸದಸ್ಯರ ಬ್ಯಾಂಕ್ ಖಾತೆಯ ನಂಬರುಗಳನ್ನು ಎಕ್ಸೆಲ್ಲಿನಲ್ಲಿ ತೆರೆದಾಗ ಮೂರು ಬಗೆಯ ತೊಂದರೆ ಕಾಣುತ್ತದೆ. ಸೊನ್ನೆಯಿಂದ ಶುರುವಾಗುವ ನಂಬರಿನ ಸೊನ್ನೆ ಮಾಯವಾಗುತ್ತದೆ. ಹನ್ನೊಂದು ಅಂಕಿ ದಾಟಿದ್ದು ಮಧ್ಯದಲ್ಲಿ ಚುಕ್ಕಿ, ಇ, ಪ್ಲಸ್ ಎಂದೆಲ್ಲ ವಿಚಿತ್ರವಾಗಿ ಕಾಣುತ್ತದೆ. ಹದಿನೈದು ಅಂಕಿಗಿಂತ ಉದ್ದವಿದ್ದರೆ ಅದರಾಚೆಯ ಅಂಕಿಗಳು ಸೊನ್ನೆಯೇ ಆಗಿಬಿಡುತ್ತವೆ! ಆ ಹಾಳೆಯನ್ನು ನಂಬಿ ಸಾಲದ ಕಂತು ಹಾಕಿದರೆ ಹಣ ಯಾರ ಪಾಲೋ. ಎಕ್ಸೆಲ್ ಅದನ್ನು ಲೆಕ್ಕದ ಸಂಖ್ಯೆ ಎಂದು ತಿಳಿಯುವುದೇ ಇದಕ್ಕೆ ಕಾರಣ. ನಂಬರು ತುಂಬುವ ಮುಂಚೆಯೇ ಆ ಕಾಲಮ್ಮನ್ನು ಟೆಕ್ಸ್ಟ್ ಎಂದು ಗುರುತು ಮಾಡಬೇಕು. ಕೆಟ್ಟ ಮೇಲೆ ಟೆಕ್ಸ್ಟ್ ಮಾಡಿದರೆ ಹೋದ ಅಂಕಿ ವಾಪಸು ಬರುವುದಿಲ್ಲ, ಮೂಲದಿಂದ ಮತ್ತೆ ಇಳಿಸಬೇಕು.

ತಾರೀಖಿನದೂ ಹಾಗೇ. 4-5 ಎಂದರೆ ನಮಗೆ ಮೇ ತಿಂಗಳ ನಾಲ್ಕು. ಅಮೆರಿಕದ ಪದ್ಧತಿಗೆ ಇಟ್ಟ ಕಂಪ್ಯೂಟರಿಗೆ ಅದು ಏಪ್ರಿಲ್ ಐದು. ಇಳಿಸಿದ ಕೂಡಲೇ ಹದಿನೈದು, ಇಪ್ಪತ್ತನೇ ತಾರೀಖಿನ ಒಂದೆರಡು ಸಾಲು ನೋಡಿ ಖಾತ್ರಿ ಮಾಡಿಕೊಳ್ಳಿ.

ಇನ್ನು ಕನ್ನಡದ ಹೆಸರುಗಳು. ಸಿ.ಎಸ್.ವಿ. ಎಂಬ ಬಗೆಯ ಕಡತವನ್ನು ನೇರವಾಗಿ ಎಕ್ಸೆಲ್ಲಿನಲ್ಲಿ ತೆರೆದರೆ "ಕೊಟ್ರಮ್ಮ" ಹೋಗಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣಬಹುದು. ಹೆಸರು ಅಳಿಸಿಹೋಗಿಲ್ಲ, ಓದುವ ಲಿಪಿ ತಪ್ಪಾಗಿದೆ ಅಷ್ಟೇ. ಲಿಬ್ರೆ ಆಫೀಸಿನ ಕ್ಯಾಲ್ಕಿನಲ್ಲಿ ತೆರೆಯಿರಿ. ತೆರೆಯುವ ಮೊದಲೇ ಅದು ಅಕ್ಷರದ ಬಗೆ ಯಾವುದೆಂದು ಕೇಳುತ್ತದೆ. ಯೂನಿಕೋಡ್, ಯು.ಟಿ.ಎಫ್. 8 ಎಂಬುದನ್ನು ಆರಿಸಿದರೆ ಕೊಟ್ರಮ್ಮ ಮರಳಿ ಬರುತ್ತಾಳೆ. ಅದೇ ಕಿಟಕಿಯಲ್ಲಿ ಖಾತೆ ನಂಬರಿನ ಕಾಲಮ್ಮಿಗೆ ಟೆಕ್ಸ್ಟ್ ಎಂದೂ ಹೇಳಿಬಿಡಬಹುದು, ಸೊನ್ನೆಯೂ ಉಳಿಯುತ್ತದೆ. ಈ ಒಂದು ಕಿಟಕಿಯ ಮೇಲೆ ಒಂದು ಇಡೀ ವಿಡಿಯೋ ಮಾಡಿದರೂ ತಪ್ಪಲ್ಲ. ನನ್ನನ್ನು ಕೇಳಿದರೆ ಮೊದಲ ವಿಡಿಯೋ ಅದೇ ಆಗಲಿ ಎನ್ನುತ್ತೇನೆ.

ವಿಡಿಯೋದ ಮೊದಲ ಮಾತಿನಲ್ಲೇ ತಿಂಗಳು ವರ್ಷ ಹೇಳಿ, ಸಾಫ್ಟ್‌ವೇರಿನ ಹೆಸರು ಹೇಳಿ. ಟ್ಯಾಲಿ ಇ.ಆರ್.ಪಿ. 9 ಇಟ್ಟುಕೊಂಡವರು ಇನ್ನೂ ಇದ್ದಾರೆ, 2020ರಲ್ಲಿ ಬಂದ ಪ್ರೈಮಿನ ಪಾಠ ಅವರ ಪರದೆಗೆ ಹೊಂದುವುದಿಲ್ಲ. ಪರದೆ ಬದಲಾದಾಗ ಹಳೆಯ ವಿಡಿಯೋ ಅಳಿಸಿ, ಹೊಸದು ಮಾಡಿ ಕಳಿಸಿ.

ಗುಂಪಿಗೆ ಹಾಕುವ ಮುಂಚೆ ಮುಂಬಯಿಯವರು ಮಾಡುವ ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಅತ್ತೆಯವರನ್ನೋ ಹೈಸ್ಕೂಲಿಗೆ ಹೋಗುವ ಮಗಳನ್ನೋ ಕಂಪ್ಯೂಟರಿನ ಮುಂದೆ ಕೂರಿಸಿ. ಫೋನಿನಲ್ಲಿ ನಿಮ್ಮ ವಿಡಿಯೋ ಹಚ್ಚಿಕೊಡಿ. "ಅತ್ತಿ, ಇದು ಹೇಳಿದಂಗ ಮಾಡ್ರಿ, ನಾ ಏನೂ ಹೇಳೂದಿಲ್ಲ" ಎಂದು ಪಕ್ಕದಲ್ಲಿ ಸೊಪ್ಪು ಬಿಡಿಸುತ್ತ ಕೂತುಬಿಡಿ. ಬಾಯಿ ಬಿಡಬೇಡಿ. ಅವರು ಎಲ್ಲಿ ಕೈ ತಡೆದು "ಇದ್ಯಾವುದು ಒತ್ಲಿ?" ಎಂದು ನಿಮ್ಮ ಮುಖ ನೋಡುತ್ತಾರೋ ಆ ಜಾಗವನ್ನು ಹಾಳೆಯ ಮೇಲೆ ಗುರುತು ಹಾಕಿಕೊಳ್ಳಿ. ಆ ಜಾಗದ ಮಾತನ್ನು ಮಾತ್ರ ತಿದ್ದಿ, ನಾಳೆ ಮಧ್ಯಾಹ್ನ ಮತ್ತೊಮ್ಮೆ ಫ್ಯಾನು ಆರಿಸಿ ಮುದ್ರಿಸಿ.